ಕತ್ತರಿಸಿಟ್ಟ ಎರಡು ಸ್ವರ

ಡಬ್ಬಿಯ ಮೇಲೆ ಬರೆದದ್ದನ್ನು ನಂಬಬೇಡಿ. ಹಳೆಯ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನನ್ನು ಬುದ್ಧಿಮಾತು ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ಡಬ್ಬಿಯ ಮೇಲೆ ‘ಮಾಸ್ಟರ್’ ಎಂದಿದ್ದರೆ ಒಳಗೆ ಮೂರನೇ ಕಾಪಿ ಇರುತ್ತದೆ. ‘ಸ್ಟೀರಿಯೋ’ ಎಂದಿದ್ದರೆ ಒಂದೇ ಕಿವಿಗೆ ಕೇಳಿಸುತ್ತದೆ. ‘ಖಾಲಿ’ ಎಂದು ದಪ್ಪಕ್ಷರದಲ್ಲಿ ಬರೆದಿದ್ದ ಒಂದು ಡಬ್ಬಿಯಲ್ಲಿ ಯಾವುದೋ ಚರ್ಚಿನ ಇಡೀ ಕ್ರಿಸ್‌ಮಸ್ ಗಾಯನ ಸಿಕ್ಕಿತ್ತು. ಬರೆದವನಿಗೆ ಅವತ್ತು ಅವಸರವಿತ್ತು, ಇಲ್ಲವೇ ಮುಚ್ಚಿಡುವಂಥದ್ದು ಏನೋ ಇತ್ತು. ಯಾವುದು ಎಂದು ನೀವು ಪತ್ತೆ ಹಚ್ಚಬೇಕು.

ನನಗೆ ಅನುಮಾನ ಜಾಸ್ತಿ ಎಂದು ಮನೆಯವರೆಲ್ಲ ಹೇಳುತ್ತಾರೆ. ಇರಬಹುದು. ಆದರೆ ಅದೇ ಅನುಮಾನಕ್ಕೆ ಬರ್ಮಿಂಗ್‌ಹ್ಯಾಮಿನಲ್ಲಿ ಹದಿನಾಲ್ಕು ವರ್ಷ ಸಂಬಳ ಕೊಟ್ಟರು. ನಾನು ಮೈಸೂರಿನಲ್ಲಿ ಪಾಲಿಟೆಕ್ನಿಕ್ ಓದಿ, ರೇಡಿಯೋ ಕೇಂದ್ರವೊಂದರಲ್ಲಿ ಟೇಪು ಕತ್ತರಿಸಿ ಅಂಟಿಸುವುದನ್ನು ಕಲಿತವಳು. ವಿದ್ವಾಂಸರು ಗಂಟಲು ಸರಿಮಾಡಿಕೊಳ್ಳುವುದು, ಶ್ರುತಿ ಸೇರಿಸುವುದು, ಪಕ್ಕವಾದ್ಯದವರ ಮೇಲೆ ಸಿಡುಕುವುದು, ಎಲ್ಲವನ್ನೂ ಬ್ಲೇಡಿನಿಂದ ತೆಗೆದು, ನೇರವಾಗಿ ಕೃತಿ ಶುರುವಾಗುವ ಹಾಗೆ ಮಾಡುವುದು ನನ್ನ ಕೆಲಸವಾಗಿತ್ತು. ಮದುವೆಯಾಗಿ ಇಲ್ಲಿಗೆ ಬಂದೆ. ನಮ್ಮ ಯಜಮಾನರು ಸಟನ್ ಕೋಲ್ಡ್‌ಫೀಲ್ಡಿನಲ್ಲಿ ಜಿಪಿ, ಬಡಾವಣೆಯ ಡಾಕ್ಟರು. ಮಗಳು ಸೆಕೆಂಡರಿ ಸ್ಕೂಲಿಗೆ ಹೋಗಲು ಶುರುವಾದ ಮೇಲೆ, ತೊಂಬತ್ತರ ದಶಕದ ಕೊನೆಯಲ್ಲಿ, ಡಿಗ್ಬೆತ್‌ನ ಒಂದು ಹಳೆಯ ಗೋದಾಮಿನಲ್ಲಿದ್ದ ಸಣ್ಣ ಕಂಪನಿಗೆ ಅರ್ಜಿ ಹಾಕಿದೆ.

ಅದರ ಯಜಮಾನ ಕಾಲಿನ್ ಎಂಬ ತೆಳ್ಳನೆಯ ಮನುಷ್ಯ. ಇಂಟರ್‌ವ್ಯೂನಲ್ಲಿ ನನ್ನ ಸರ್ಟಿಫಿಕೇಟುಗಳನ್ನು ತಿರುಗಿಸಿಯೂ ನೋಡಲಿಲ್ಲ. ಒಂದು ಬ್ಲೇಡು, ಒಂದು ಗಜ ಟೇಪು ಮುಂದಿಟ್ಟು “ಕತ್ತರಿಸಿ ಅಂಟಿಸಿ ತೋರ್ಸಿ” ಅಂದ. ನಾನು ಓರೆಯಾಗಿ ಕತ್ತರಿಸಿ ಅಂಟಿಸಿದೆ. ಅವನು ಬೆರಳಾಡಿಸಿದ, ಬೆಳಕಿಗೆ ಹಿಡಿದ, ಮೆಷೀನಿಗೆ ಹಾಕಿ ಮೂರು ಸಲ ಕೇಳಿದ. “ಎಲ್ಲಿ ಅಂಟಿಸಿದ್ದೀರಿ?” ಅಂದ. ತೋರಿಸಿದೆ. “ಇರಲಿ, ನೋಡೋಣ” ಅಂದ. ಕೆಲಸ ಸಿಕ್ಕಿತು ಎಂದು ನನಗೆ ತಿಳಿದದ್ದು ಮರುದಿನ ಪಾಳಿಯ ಪಟ್ಟಿಯಲ್ಲಿ ನನ್ನ ಹೆಸರು ಇದ್ದಾಗ.

ಕೆಲಸದ ಬಗ್ಗೆ ಒಂದೆರಡು ಮಾತು ಹೇಳುತ್ತೇನೆ. ಎಪ್ಪತ್ತರ ದಶಕದ ಟೇಪುಗಳಿಗೆ ಹಚ್ಚಿದ ಅಂಟು ಗಾಳಿಯ ತೇವ ಹೀರಿ, ಮಳೆಗಾಲದ ಹಪ್ಪಳದಂತೆ ಮೆತ್ತಗಾಗುತ್ತದೆ. ಹಾಗೆಯೇ ಓಡಿಸಿದರೆ ಅಂಟಿನ ಜೊತೆ ಹಾಡೂ ಕಿತ್ತು ಬರುತ್ತದೆ. ಅದಕ್ಕೆ ಮೊದಲು ಕರೆಂಟಿನ ಒಲೆಯಲ್ಲಿ ಸಣ್ಣ ಬಿಸಿಯಲ್ಲಿ ಇಡೀ ದಿನ ಒಣಗಿಸಬೇಕು. ನಮ್ಮ ಒಲೆ ಯಾವುದೋ ಮುಚ್ಚಿದ ಲ್ಯಾಬಿನಿಂದ ಕೊಂಡದ್ದು. ಅದರಲ್ಲಿ ಕಾಲಿನ್ ತನ್ನ ಮಾಂಸದ ಪೈ ಬಿಸಿ ಮಾಡಿಕೊಳ್ಳುತ್ತಾನೆಂದು ನನಗೆ ಮೊದಲ ವಾರದಿಂದಲೇ ಗುಮಾನಿ. ಎರಡು ವರ್ಷ ಕಣ್ಣಿಟ್ಟು ಕಾದೆ, ಕೈಗೆ ಸಿಕ್ಕಿಬೀಳಲಿಲ್ಲ. ವಾಸನೆಯಂತೂ ಇತ್ತು.

ನಾನು ಮಾಡಿದ ತಪ್ಪುಗಳನ್ನೂ ಹೇಳಬೇಕು. ವುಲ್ವರ್‌ಹ್ಯಾಂಪ್ಟನ್ನಿನ ಒಬ್ಬ ಹೆಂಗಸು ತನ್ನ ತಂದೆಯ ದನಿ ಇದ್ದ ಮನೆಯ ಟೇಪು ತಂದಳು. ಇಳಿಸಿ ಕೊಟ್ಟೆ. ವಾರ ಬಿಟ್ಟು ಬಂದು, “ಇದು ನಮ್ಮಪ್ಪ ಅಲ್ಲ” ಅಂದಳು. ನಾನು ಅವಳನ್ನೇ ಅನುಮಾನಿಸಿದೆ. ಮೂವತ್ತು ವರ್ಷದ ಮೇಲೆ ದನಿ ನೆನಪಿರುತ್ತದೆಯೇ ಎಂದು ವಾದ ಹೂಡಿದೆ. ಆಮೇಲೆ ಟೇಪಿನ ತಳದಲ್ಲಿದ್ದ ಕರೆಂಟಿನ ಗುಂಯ್ ಸದ್ದನ್ನು ಅಳೆದರೆ ಅದರ ಶ್ರುತಿ ಇರಬೇಕಾದ್ದಕ್ಕಿಂತ ಮೇಲಿತ್ತು. ಅವರ ಮನೆಯ ಮೆಷೀನು ನಿಧಾನಕ್ಕೆ ಓಡುತ್ತಿದ್ದುದರಿಂದ ನಮ್ಮ ಮೆಷೀನಿನಲ್ಲಿ ಅಪ್ಪನ ದನಿ ತೆಳ್ಳಗಾಗಿತ್ತು. ವೇಗ ಸರಿಮಾಡಿ ಕೇಳಿಸಿದಾಗ ಅವಳು ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದವಳು ಹಾಗೇ ಕುಳಿತುಬಿಟ್ಟಳು. ನಾನು ಕ್ಷಮೆ ಕೇಳಿದೆ. ಆ ಪಾಠ ತಲೆಗೆ ಹತ್ತಿತು ಎಂದುಕೊಂಡಿದ್ದೆ. ಹತ್ತಿರಲಿಲ್ಲ ಎನ್ನುವುದಕ್ಕೆ ಮುಂದಿನದು ಸಾಕ್ಷಿ.

ಹೊಸ ಶತಮಾನ ಶುರುವಾಗಿ ಎರಡು ಮೂರು ವರ್ಷವಾಗಿತ್ತು. ಒಂದು ರೆಕಾರ್ಡ್ ಕಂಪನಿ ತನ್ನ ಹಳೆಯ ಬ್ಯಾಂಡೊಂದರ ಹಾಡುಗಳನ್ನು ಹೊಸದಾಗಿ ಸೀಡಿಯಲ್ಲಿ ತರಲು ಹೊರಟು, ಟೇಪುಗಳನ್ನೆಲ್ಲ ನಮಗೆ ಕಳಿಸಿತು. ಅದರಲ್ಲಿ ಒಂದು ಹಾಡು ಈ ದೇಶದಲ್ಲಿ ಕೇಳದವರಿಲ್ಲ. ಹೆಸರು ಬರೆಯುವುದಿಲ್ಲ, ಬರೆದರೆ ಯಾರದಾದರೂ ವಕೀಲರ ಪತ್ರ ಬಂದೇ ಬರುತ್ತದೆ. ರಾಕ್ ಹಾಡು, ಆದರೆ ಅದರ ನಡೆ ಫಂಕ್ ಸಂಗೀತದ್ದು, ಕಪ್ಪು ಜನರ ಕುಣಿತದ ಸಂಗೀತ. ಶುರುವಿನಲ್ಲಿ ಒಂದೇ ವಾದ್ಯ ಹನ್ನೊಂದು ಸೆಕೆಂಡು ಒಬ್ಬಂಟಿಯಾಗಿ ಕುಪ್ಪಳಿಸುತ್ತದೆ, ಆಮೇಲೆ ಡ್ರಮ್ಮು ಬಂದು ಸೇರುತ್ತದೆ. ಆ ಹನ್ನೊಂದು ಸೆಕೆಂಡು ಕೇಳಿ ಕಾಲು ಅಲ್ಲಾಡಿಸದವರನ್ನು ನಾನು ನೋಡಿಲ್ಲ. ನಮ್ಮ ಕನ್ನಡ ಸಂಘದ ದೀಪಾವಳಿಯಲ್ಲೂ ಊಟವಾದ ಮೇಲೆ ಯಾರಾದರೂ ಅದನ್ನು ಹಾಕುತ್ತಿದ್ದರು, ಗಂಭೀರ ಮುಖದ ಡಾಕ್ಟರುಗಳೆಲ್ಲ ಕುಣಿಯುತ್ತಿದ್ದರು.

ಅದು ಹುಟ್ಟಿದ ಕತೆಯೂ ಎಲ್ಲರಿಗೂ ಗೊತ್ತಿತ್ತು. ಬ್ಯಾಂಡಿನ ಗಿಟಾರಿನವನು ಮೊದಲು ಕೊವೆಂಟ್ರಿಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದನಂತೆ. ಕಾರಿನ ಬಾಗಿಲುಗಳಿಗೆ ಅಚ್ಚು ಹೊಡೆಯುವ ದೊಡ್ಡ ಪ್ರೆಸ್ಸಿನ ಸದ್ದು ಕೇಳಿ ಕೇಳಿ ಅದೇ ತಾಳಕ್ಕೆ ಇದನ್ನು ನುಡಿಸಿದನಂತೆ. ಟೀವಿಯಲ್ಲಿ ಹೇಳಿದ್ದ, ಪತ್ರಿಕೆಯಲ್ಲಿ ಹೇಳಿದ್ದ, ಹೇಳುವಾಗಲೆಲ್ಲ ಮೇಜು ಕುಟ್ಟಿ ತೋರಿಸುತ್ತಿದ್ದ. ನನಗೆ ಆ ಕತೆಯ ಮೇಲೆ ನಂಬಿಕೆ ಇರಲಿಲ್ಲ. ಅಷ್ಟು ಚೆನ್ನಾಗಿರುವ ಕತೆಗಳನ್ನು ನಾನು ನಂಬುವುದಿಲ್ಲ.

ಅಷ್ಟರಲ್ಲಿ ಆ ಕಂಪನಿಗೆ ಲೀಡ್ಸಿನಿಂದ ಒಂದು ಪತ್ರ ಬಂತು. ಬರೆದವಳು ಮಾರ್ವಾ ಎಂಬ ಹೆಂಗಸು. ಹುಟ್ಟಿದ್ದು ಜಮೈಕಾದಲ್ಲಿ, ಬೆಳೆದದ್ದು ಲೀಡ್ಸಿನಲ್ಲಿ, ಚರ್ಚಿನಲ್ಲಿ ಆರ್ಗನ್ ನುಡಿಸುವವಳು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಮ್ಯಾಂಚೆಸ್ಟರಿನ ಸ್ಟುಡಿಯೋಗೆ ನನ್ನನ್ನು ಒಂದು ದಿನದ ಮಟ್ಟಿಗೆ ಕರೆಸಿದ್ದರು, ಆ ಶುರುವಿನ ನುಡಿ ನನ್ನದು, ನಾನೇ ಕಟ್ಟಿ ನುಡಿಸಿದ್ದು, ಹೊಸ ಸೀಡಿಯಲ್ಲಾದರೂ ನನ್ನ ಹೆಸರು ಹಾಕಿ ಎಂದು ಬರೆದಿದ್ದಳು. ದುಡ್ಡು ಕೇಳಿರಲಿಲ್ಲ. ಕೇಳದಿದ್ದದ್ದೇ ಕಂಪನಿಯವರ ಅನುಮಾನ ಹೆಚ್ಚಿಸಿತು. ಕಂಪನಿಯ ಪರವಾಗಿ ಓಡಾಡುತ್ತಿದ್ದ ಗ್ರೇಮ್ ಎಂಬವನು ಪತ್ರವನ್ನು ಕಾಲಿನ್‌ನ ಮೇಜಿನ ಮೇಲಿಟ್ಟು, “ಟೇಪಿನಲ್ಲಿರೋದು ಕೀಬೋರ್ಡಾ ಗಿಟಾರಾ? ಅಷ್ಟು ಹೇಳಿಬಿಡಿ ಸಾಕು” ಅಂದ.

ಅಷ್ಟು ಸುಲಭವಿರಲಿಲ್ಲ. ಅವಳು ನುಡಿಸಿದೆ ಎನ್ನುತ್ತಿದ್ದದ್ದು ಕ್ಲಾವಿನೆಟ್. ಕೀಬೋರ್ಡೇ, ಆದರೆ ಒಳಗೆ ತಂತಿಗಳಿರುತ್ತವೆ; ಕಾಲಿನ ಪೆಡಲ್ ಸೇರಿಸಿದರೆ ಗಿಟಾರೇ ಎಂದು ಆಣೆ ಮಾಡಿ ಹೇಳುವಿರಿ. ಟೇಪಿನ ಜೊತೆ, ಯಾವ ವಾದ್ಯ ಎಲ್ಲಿದೆ ಎಂದು ಬರೆದಿಟ್ಟ ಹಾಳೆಯಲ್ಲಿ ಒಂಬತ್ತನೆಯ ಸಾಲಿಗೆ ‘ಎರಡನೇ ಗಿಟಾರ್’ ಎಂದಿತ್ತು. ಅದರ ಕೆಳಗೆ ಏನನ್ನೋ ಉಜ್ಜಿ ಅಳಿಸಿದ ಗುರುತಿತ್ತು. ಬೆಳಕಿಗೆ ಹಿಡಿದೆ, ಭೂತಗನ್ನಡಿ ಇಟ್ಟೆ, ಏನೂ ಓದಲಾಗಲಿಲ್ಲ. ಆಗ ನಾನೇ ಒಂದು ಉಪಾಯ ಹೇಳಿದೆ: ಅವಳನ್ನೇ ಕರೆಸಿ ನುಡಿಸಲು ಹೇಳೋಣ. ಆ ಉಪಾಯ ಹೇಳಿದಾಗ ನನ್ನ ಬಗ್ಗೆ ನನಗೆ ಬಹಳ ಹೆಮ್ಮೆಯಾಗಿತ್ತು.

ಮಾರ್ವಾ ನೇರಳೆ ಬಣ್ಣದ ಕೋಟು ಹಾಕಿಕೊಂಡು ಬಂದಳು. ಐವತ್ತು ದಾಟಿದ್ದಳು, ಬೆರಳ ಗೆಣ್ಣುಗಳು ಊದಿದ್ದವು. ಗ್ರೇಮ್ ಕೈ ಚಾಚಿದ, ಅವಳು ಕೈಗವಸು ಬಿಚ್ಚಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ನನ್ನ ಪರೀಕ್ಷೆ ಮಾಡೋರು ನೀವಾ?”

“ಪರೀಕ್ಷೆ ಏನಲ್ಲ. ಸುಮ್ಮನೆ ನುಡಿಸಿ, ಕೇಳ್ತೀನಿ.”

“ಒಬ್ಬ ಕಪ್ಪು ಹೆಂಗಸನ್ನ ನಂಬಬಾರದು ಅಂತ ಹೇಳೋಕೆ ಇನ್ನೊಬ್ಬ ಕಂದು ಬಣ್ಣದ ಹೆಂಗಸನ್ನ ಹುಡುಕಿ ಕೂರಿಸಿದ್ದಾರೆ. ಬುದ್ಧಿವಂತರು.”

ನನ್ನ ಮುಖ ಬಿಸಿಯಾಯಿತು. ಈಗ ಯೋಚಿಸಿದರೆ ಆ ಮಾತಿನ ಸಿಟ್ಟು ಆಮೇಲೆ ನಾನು ಬರೆದದ್ದರಲ್ಲಿ ಸೇರಿಕೊಂಡಿತ್ತು ಅನ್ನಿಸುತ್ತದೆ.

ಬಾಡಿಗೆಗೆ ತಂದಿದ್ದ ಕ್ಲಾವಿನೆಟ್ಟಿನ ಮುಂದೆ ಕೂತು ಅವಳು ನುಡಿಸಿದಳು. ಕೈ ಪಳಗಿದ್ದೇ, ಅದರಲ್ಲಿ ಅನುಮಾನವಿರಲಿಲ್ಲ. ಆದರೆ ಶುರುವಿನಲ್ಲೇ ಎರಡು ಸ್ವರ ಹೆಚ್ಚಿಗೆ ಬಂದವು. ರೆಕಾರ್ಡಿನಲ್ಲಿ ಆ ನುಡಿ ನೇರವಾಗಿ ತಾಳದ ಏಟಿನ ಮೇಲೆ ಬೀಳುತ್ತದೆ, ಮುನ್ನುಡಿಯೇ ಇಲ್ಲ. ಇವಳು ಏಟಿಗೆ ಮುಂಚೆ ಎರಡು ಸಣ್ಣ ಸ್ವರ ಎತ್ತಿಕೊಂಡು ಆಮೇಲೆ ಬೀಳುತ್ತಿದ್ದಳು.

“ರೆಕಾರ್ಡಿನಲ್ಲಿ ಹೀಗೆ ಶುರುವಾಗಲ್ಲ,” ಎಂದೆ.

“ಹೀಗೇ ಶುರುವಾಗೋದು.”

“ಇನ್ನೊಂದು ಸಲ ನುಡಿಸ್ತೀರಾ?”

ನುಡಿಸಿದಳು. ಅದೇ ಎರಡು ಸ್ವರ. ಮತ್ತೊಮ್ಮೆ ಕೇಳಿದೆ. ಮತ್ತೆ ಅದೇ. ಗ್ರೇಮ್ ಕಾಲಿನ್‌ನತ್ತ ನೋಡಿ ಹುಬ್ಬು ಹಾರಿಸಿದ. ಈ ದೇಶದ ಪಬ್ಬುಗಳಲ್ಲಿ ಗಿಟಾರು ಹಿಡಿದ ಯಾರನ್ನು ಕೇಳಿದರೂ ಅದರ ಶುರು ಸರಿಯಾಗಿ ನುಡಿಸುತ್ತಾರೆ, ತಾನೇ ಕಟ್ಟಿದೆ ಎನ್ನುವವಳಿಗೆ ಅದೇ ಗೊತ್ತಿಲ್ಲ! ನಾನು ನಾಲ್ಕು ಸಾಲಿನ ರಿಪೋರ್ಟು ಬರೆದೆ: ಟೇಪಿನ ವಾದ್ಯ ಯಾವುದೆಂದು ಖಚಿತವಿಲ್ಲ, ಆದರೆ ಈಕೆಗೆ ಹಾಡಿನ ಆರಂಭ ತಿಳಿದಿಲ್ಲ, ಮೂಲ ವಾದಕಿಯಾಗಿರುವುದು ಅಸಂಭವ. ಕೆಳಗೆ ಸಹಿ ಹಾಕಿದೆ. ಹೋಗುವಾಗ ಮಾರ್ವಾ ನನ್ನ ಹತ್ತಿರ ನಿಂತು, “ನಿಮ್ಮ ಹೆಸರೇನು?” ಎಂದು ಕೇಳಿದಳು. “ಜಯಶ್ರೀ” ಎಂದೆ. ಅವಳು ಅದನ್ನು ಬಸ್ ಟಿಕೆಟಿನ ಹಿಂದೆ ಬರೆದುಕೊಂಡಳು.

ಮನೆಗೆ ಬಂದು ಯಜಮಾನರಿಗೆ ನಡೆದದ್ದೆಲ್ಲ ಹೇಳಿದೆ. ಅವರು ಚಪಾತಿ ಮುರಿಯುತ್ತಾ ನಕ್ಕರು.

“ರೀಲು ಬಿಡೋರ ಮಧ್ಯೆನೇ ಕೆಲಸ ನಿಂದು. ಆದ್ರೂ ಒಂದು ಮಾತು ಜಯಾ. ಸುಳ್ಳು ಹೇಳೋ ಪೇಶಂಟ್ಸ್ ನನ್ನ ಹತ್ರ ದಿನಾ ಬರ್ತಾರೆ. ರಜಾ ಹಾಕೋಕೆ ಸಿಕ್‌ನೋಟ್ ಬೇಕು ಅಂತ ಬಂದೋರು ಬುಕ್ಕಲ್ಲಿರೋ ಹಾಗೇ ಸಿಂಪ್ಟಮ್ಸ್ ಹೇಳ್ತಾರೆ, ಒಂದೂ ತಪ್ಪಲ್ಲ. ನಿಜವಾಗ್ಲೂ ನೋವಿರೋರು ಬುಕ್ಕಲ್ಲಿ ಇಲ್ದೇ ಇರೋದು ಏನೋ ಒಂದು ಹೇಳ್ತಾರೆ.”

“ನಿಮ್ಮ ಕ್ಲಿನಿಕ್ಕು ಬೇರೆ, ನಮ್ಮ ಟೇಪು ಬೇರೆ ಕಣ್ರೀ,” ಎಂದೆ.

“ಸರಿ ಬಿಡಮ್ಮ, ನೀನುಂಟು ನಿನ್ನ ಟೇಪುಂಟು. ಸಾರು ಹಾಕು.”

ಮಗಳು ಅಲ್ಲೇ ಕೂತಿದ್ದಳು. “ಮಮ್, ವೈ ವುಡ್ ಶಿ ಲೈ ಅಂಡ್ ಗೆಟ್ ಇಟ್ ರಾಂಗ್?” ಎಂದು ಕೇಳಿ ಟೀವಿಯ ಕಡೆ ಎದ್ದು ಹೋದಳು. ಇಬ್ಬರ ಮಾತೂ ನನ್ನ ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ಸುಳ್ಳು ಹೇಳುವವಳಾಗಿದ್ದರೆ ರೆಕಾರ್ಡು ಕೇಳಿ, ಅದರಂತೆಯೇ ಅಭ್ಯಾಸ ಮಾಡಿಕೊಂಡು ಬರುತ್ತಿದ್ದಳು. ಇಷ್ಟು ಸಣ್ಣ ವಿಷಯ ನನಗೆ ಹೊಳೆಯಲಿಲ್ಲ. ವೀಣೆ ಕಲಿತವಳು ನಾನು. ಸಮಕ್ಕಿಂತ, ಅಂದರೆ ತಾಳದ ಮೊದಲ ಏಟಿಗಿಂತ, ಮುಂಚೆ ಎತ್ತಿಕೊಳ್ಳುವ ರಚನೆಗಳನ್ನು ಬಾಲ್ಯದಲ್ಲಿ ಮೇಷ್ಟ್ರ ಏಟು ತಿಂದು ಕಲಿತಿದ್ದೆ. ಆದರೂ ಹೊಳೆಯಲಿಲ್ಲ.

ನಾಲ್ಕೈದು ತಿಂಗಳಾಯಿತು. ಸೀಡಿಯ ಹೊದಿಕೆ ಅಚ್ಚಿಗೆ ಹೋಯಿತು, ಕಾರ್ಖಾನೆಯ ಪ್ರೆಸ್ಸಿನ ಕತೆ ಅದರ ಪುಸ್ತಿಕೆಯಲ್ಲಿ ಎರಡು ಪುಟ. ಕಂಪನಿಯ ಉಳಿದ ಡಬ್ಬಿಗಳನ್ನು ವಾಪಸು ಕಳಿಸುವ ಮುಂಚೆ ನಾನು ಒಂದೊಂದಾಗಿ ನೋಡುತ್ತಿದ್ದೆ. ಒಂದರ ಮೇಲೆ ‘ಪರೀಕ್ಷಾ ಸದ್ದು’ ಎಂದಿತ್ತು. ಮೆಷೀನು ಸರಿಹೊಂದಿಸಲು ಬಳಸುವ ಕೂಗು ಮಾತ್ರ ಇದೆ ಎಂದರ್ಥ. ಕಾಲಿನ್ “ಅದನ್ನ ಒಣಗಿಸೋದು ದಂಡ” ಅಂದ. ಡಬ್ಬಿ ತೆರೆದು ನೋಡಿದರೆ ಟೇಪಿನ ಮಧ್ಯೆ ಮಧ್ಯೆ, ಒಂದು ತುಂಡನ್ನು ಇನ್ನೊಂದರಿಂದ ಬೇರ್ಪಡಿಸಲು ಅಂಟಿಸುವ ಬಿಳಿಯ ಪಟ್ಟಿಗಳಿದ್ದವು. ಕೂಗಿನ ಟೇಪಿನಲ್ಲಿ ಅಷ್ಟು ಬಿಳಿ ಪಟ್ಟಿ ಯಾಕಿರಬೇಕು? ಒಲೆಗೆ ಹಾಕಿದೆ.

ಅದು ಕತ್ತರಿಸಿದ ತುಂಡುಗಳ ಸುರುಳಿ. ಹಳೆಯ ಕಾಲದ ಒಳ್ಳೆಯ ಕೆಲಸಗಾರರು ಹಾಡಿನಿಂದ ಕತ್ತರಿಸಿ ತೆಗೆದ ತುಂಡನ್ನು ಎಸೆಯುತ್ತಿರಲಿಲ್ಲ. ನಿರ್ಮಾಪಕನ ಮನಸ್ಸು ನಾಳೆ ಬದಲಾಗಬಹುದೆಂದು ಒಂದಕ್ಕೊಂದು ಅಂಟಿಸಿ ಇಡುತ್ತಿದ್ದರು. ಮೊದಲ ತುಂಡಿನಲ್ಲಿ ಕೆಮ್ಮು. ಎರಡನೆಯದರಲ್ಲಿ ತಪ್ಪಿದ ಡ್ರಮ್ಮು. ಮೂರನೆಯದು ಯಾರೋ ಬೈದದ್ದು. ನಾಲ್ಕನೆಯದು ಐದೇ ಸೆಕೆಂಡಿನದು. ಗಂಡಸಿನ ದನಿ, “ಮಾರ್ವಾ, ನೀನು ರೆಡಿ ಆದಾಗ ಶುರು ಮಾಡಮ್ಮಾ.” ಎಳೆಯ ಹೆಣ್ಣಿನ ದನಿ, ನಗುತ್ತಾ, “ನೀವು ಬಾಯ್ ಮುಚ್ಚಿದ್ರೆ ತಾನೇ.” ಆಮೇಲೆ ಎರಡು ಸ್ವರ. ಅಷ್ಟಕ್ಕೆ ಬಿಳಿ ಪಟ್ಟಿ.

ಹಾಡಿನ ಮೂಲ ಟೇಪನ್ನು ತಂದು ಅದರ ತಲೆಯನ್ನು ಈ ತುಂಡಿನ ಬಾಲಕ್ಕೆ ಹಿಡಿದೆ. ಓರೆಯಾಗಿ ಕತ್ತರಿಸಿದ ಎರಡು ಅಂಚುಗಳು ಕೂದಲೆಳೆಯ ಸಂದಿಲ್ಲದೆ ಕೂಡಿದವು. ಕತ್ತರಿಸುವ ಜಾಗಕ್ಕೆ ಹಳದಿ ಮೇಣದ ಪೆನ್ಸಿಲಿನಿಂದ ಎಳೆದ ಗೀಟು ಅರ್ಧ ಇದರಲ್ಲಿತ್ತು, ಅರ್ಧ ಅದರಲ್ಲಿತ್ತು. ಹಾಡು ರೇಡಿಯೋದಲ್ಲಿ ಧಡ್ ಎಂದು ಶುರುವಾಗಲಿ ಎಂದು ಯಾರೋ ಆ ಎರಡು ಸ್ವರವನ್ನು ಕತ್ತರಿಸಿದ್ದರು. ಪ್ರೆಸ್ಸಿನ ಕತೆಗೂ ಅದು ಅನುಕೂಲವಾಗಿತ್ತು, ಯಾಕೆಂದರೆ ಪ್ರೆಸ್ಸು ಏಟಿಗೆ ಮುಂಚೆ ಎರಡು ಸ್ವರ ಎತ್ತಿಕೊಳ್ಳುವುದಿಲ್ಲ. ಮೂಲ ಟೇಪಿನ ತಲೆಯಲ್ಲಿ ಅಂಟಿಸಿದ ಗುರುತನ್ನು ನಾನು ಮೊದಲೇ ನೋಡಿದ್ದೆ. ಅಲ್ಲಿಂದ ಏನನ್ನು ತೆಗೆದರು ಎಂದು ಕೇಳಿಕೊಂಡಿರಲಿಲ್ಲ. ಮೈಸೂರಿನಲ್ಲಿ ನಾನೇ ಅಂಥವನ್ನು ನೂರಾರು ಸಲ ತೆಗೆದಿದ್ದೆನಲ್ಲ, ಕಸ ಎಂದುಕೊಂಡೆ. ಡಬ್ಬಿಯನ್ನು, ಹಾಳೆಯನ್ನು, ಗಿಟಾರಿನವನನ್ನು, ಮಾರ್ವಾಳನ್ನು, ಎಲ್ಲರನ್ನೂ ಅನುಮಾನಿಸಿದವಳು ರೆಕಾರ್ಡನ್ನು ಮಾತ್ರ ಕಣ್ಣುಮುಚ್ಚಿ ನಂಬಿದ್ದೆ.

ಕಾಲಿನ್ ಎರಡು ಸಲ ಕೇಳಿದ. ಹಣೆ ಒರೆಸಿಕೊಂಡ.

“ನಮ್ಮ ರಿಪೋರ್ಟ್ ಹೋಗಿ ಆಯ್ತಲ್ಲ ಜಯಾ. ಹೊದಿಕೆ ಪ್ರಿಂಟಾಗ್ತಿದೆ.”

“ರಿಪೋರ್ಟ್ ತಪ್ಪು. ಇನ್ನೊಂದು ಬರೀತೀನಿ.”

“ಬರೀರಿ. ಆದ್ರೆ ಟೇಪಿನ ಕಾಪಿ ಈ ಬಾಗಿಲು ದಾಟಬಾರದು. ಕ್ಲೈಂಟ್‌ದು ಅದು. ದಾಟಿತು ಅಂದ್ರೆ ನನಗೆ ನಿಮ್ಮನ್ನ ಉಳಿಸ್ಕೊಳ್ಳೋಕಾಗಲ್ಲ.”

ಹೊಸ ರಿಪೋರ್ಟು ಬರೆದೆ, ಮೊದಲನೆಯದು ನನ್ನ ತಪ್ಪು ಎಂದೇ ಬರೆದೆ. ಗ್ರೇಮ್ ಫೋನಿನಲ್ಲಿ “ವೆರಿ ಇಂಟರೆಸ್ಟಿಂಗ್” ಅಂದ. ಅವನು ಹಾಗೆ ಅಂದರೆ ಫೈಲು ಕಪಾಟಿಗೆ ಹೋಯಿತು ಎಂದರ್ಥ. ಮಾರ್ವಾಳಿಗೆ ತಿಳಿಸುತ್ತೀರಾ ಎಂದು ಕೇಳಿದೆ. ಸಮಯ ನೋಡಿಕೊಂಡು ತಿಳಿಸುತ್ತೇವೆ ಅಂದ. ಒಂದು ತಿಂಗಳು ಕಾದೆ.

ಹೆಸರು ಕೊನೆಗೂ ಬಂತೇ ಎಂದು ನೀವು ಕೇಳುತ್ತೀರಿ. ಬಂತು, ಎರಡು ವರ್ಷ ಕಳೆದು ಮುಂದಿನ ಮುದ್ರಣದಲ್ಲಿ, ಕೊನೆಯ ಪುಟದ ಸಣ್ಣಕ್ಷರಗಳಲ್ಲಿ. ಗಿಟಾರಿನವನು ಈಗಲೂ ಮೇಜು ಕುಟ್ಟುತ್ತಾನೆ. ಕಾಲಿನ್ ನನ್ನನ್ನು ತೆಗೆಯಲಿಲ್ಲ. ನಾನು ಮಾಡಿದ್ದು ಅವನಿಗೆ ಗೊತ್ತಿತ್ತು, ಕೇಳಲಿಲ್ಲ, ಆದರೆ ಆ ಕಂಪನಿಯ ಡಬ್ಬಿಗಳನ್ನು ಮತ್ತೆ ನನ್ನ ಮೇಜಿಗೆ ಕಳಿಸಲೂ ಇಲ್ಲ. ಇನ್ನು ನಾನು ಮಾಡಿದ್ದು ಏನು ಎಂದು ಹೇಳಿಬಿಡುತ್ತೇನೆ.

ಒಂದು ಶನಿವಾರ ಬೆಳಿಗ್ಗೆ ಆ ಐದು ಸೆಕೆಂಡನ್ನು ಸೀಡಿಗೆ ಹಾಕಿಕೊಂಡು, ಕೈಚೀಲದಲ್ಲಿ ಬಚ್ಚಿಟ್ಟುಕೊಂಡು, ನ್ಯೂ ಸ್ಟ್ರೀಟ್ ಸ್ಟೇಷನ್ನಿನಿಂದ ಲೀಡ್ಸಿಗೆ ರೈಲು ಹತ್ತಿದೆ. ನಲವತ್ತಾರು ವರ್ಷದಲ್ಲಿ ನಾನು ಕದ್ದ ಮೊದಲ ವಸ್ತು ಅದು. ಮಾರ್ವಾಳ ವಿಳಾಸ ಪತ್ರದಲ್ಲಿತ್ತು. ಬಾಗಿಲು ಅರ್ಧ ತೆಗೆದಳು, ಸರಪಳಿ ತೆಗೆಯಲಿಲ್ಲ.

“ಜಯಶ್ರೀ,” ಎಂದಳು. ನನ್ನ ಹೆಸರನ್ನು ಸರಿಯಾಗಿಯೇ ಹೇಳಿದಳು. “ಯಾರು ಕಳಿಸಿದ್ರು?”

“ಯಾರೂ ಇಲ್ಲ. ನಾನು ಬಂದಿದ್ದು ಅವರಿಗೆ ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ. ನಾನು ಬರೆದದ್ದು ತಪ್ಪು.”

“ಯಾವ ತಪ್ಪು?”

“ನೀವು ನುಡಿಸಿದ್ದೇ ಸರಿ. ಆ ಎರಡು ಸ್ವರ ಸಿಕ್ಕಿದೆ.”

ಸರಪಳಿ ತೆಗೆದಳು. ಒಳಗೆ ಕೂರಲು ಹೇಳಲಿಲ್ಲ, ನಾನೂ ನಿಂತೇ ಇದ್ದೆ. ಪ್ಲೇಯರು ಅಡಿಗೆಮನೆಯ ಕಿಟಕಿಯ ಹತ್ತಿರ ಇತ್ತು. ಸೀಡಿ ಹಾಕಿ ಬಟನ್ ಒತ್ತಿದಳು. ಮಾರ್ವಾ, ನೀನು ರೆಡಿ ಆದಾಗ ಶುರು ಮಾಡಮ್ಮಾ. ನೀವು ಬಾಯ್ ಮುಚ್ಚಿದ್ರೆ ತಾನೇ. ಎರಡು ಸ್ವರ. ಮುಗಿಯಿತು.

ಅವಳು ಕಿಟಕಿಯ ಕಡೆಗೇ ತಿರುಗಿ ನಿಂತಿದ್ದಳು.

“ನನ್ನ ಗಂಡ ನಂಬಲಿಲ್ಲ, ಚರ್ಚಿನವರು ನಂಬಲಿಲ್ಲ,” ಎಂದಳು. “ಹೋಗ್ಲಿ. ನಿಮ್ಮ ರಿಪೋರ್ಟ್ ಬಂದ ಮೇಲೆ ಅದೊಂದೇ ಹಾಡನ್ನ ಹಾಕಿ ಹಾಕಿ ಕೇಳಿದೆ. ಆ ಎರಡು ಸ್ವರ ಅದರಲ್ಲಿ ಇಲ್ಲವೇ ಇಲ್ಲ. ಮನೇಲಿ ಹಾಡಿನ ಜೊತೆ ನುಡಿಸ್ತಾ ನುಡಿಸ್ತಾ ನಾನೇ ಎಲ್ಲೋ ಸೇರಿಸ್ಕೊಂಡಿರಬೇಕು ಅನ್ಕೊಂಡೆ. ಆ ಸ್ಟುಡಿಯೋಗೆ ಹೋಗಿದ್ದೂ ನಿಜವೋ ಇಲ್ಲವೋ ಅಂತ ಅನ್ನಿಸೋಕೆ ಶುರುವಾಗಿತ್ತು. ನಾನೇ ಸುಳ್ಳುಗಾತಿ ಅಂತ ಒಪ್ಪಿಕೊಂಡಿದ್ದೆ.”

“ತಪ್ಪಾಯ್ತು,” ಎಂದೆ.

ಅವಳು ಮತ್ತೆ ಬಟನ್ ಒತ್ತಿದಳು. ಮುಗಿದ ತಕ್ಷಣ ಇನ್ನೊಮ್ಮೆ ಒತ್ತಿದಳು. ನಾನು ಚೀಲ ಹೆಗಲಿಗೇರಿಸಿ ಹೊರಗೆ ಬಂದು ಗೇಟು ಹಾಕುತ್ತಿದ್ದಾಗಲೂ ಕಿಟಕಿಯಿಂದ ಅದೇ ಐದು ಸೆಕೆಂಡು ಕೇಳಿಸುತ್ತಿತ್ತು. ಪ್ರತಿಸಲವೂ ಕೊನೆಯ ಸ್ವರವಾದ ಮೇಲೆ ಒಂದು ಕ್ಷಣ ಸುಮ್ಮನಿದ್ದು ಮತ್ತೆ ಹಾಕುತ್ತಿದ್ದಳು. ಖುಷಿಗೆ ಕೇಳುವವರು ಹಾಗೆ ಕೇಳುವುದಿಲ್ಲ. ಅದು ಇನ್ನೂ ಅಲ್ಲೇ ಇದೆಯೇ, ಇಷ್ಟರಲ್ಲೇ ಯಾರಾದರೂ ತೆಗೆದುಬಿಟ್ಟರೇ ಎಂದು ನೋಡುತ್ತಿದ್ದಳು.